‘ಅಮ್ಮಂಗೆ ಅರಳು ಮರಳು’ ಎಂದ ಮಗ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಕುಟುಂಬದ ವಿವರಗಳನ್ನು ಬದಲಿಸಿದೆ.)

ಮಂಡ್ಯ ತಾಲ್ಲೂಕಿನ ಹಳ್ಳಿಯೊಂದರ 64 ವರ್ಷದ ಮಹಿಳೆ, ಗಂಡ ತೀರಿಕೊಂಡಿದ್ದಾರೆ. ಆಪ್ತಸಲಹೆಗೆಂದು ನಮ್ಮಲ್ಲಿಗೆ ಕರೆತಂದವನು ಮಗ. “ಅಮ್ಮಂಗೆ ಅರಳು ಮರಳು. ಕೇಳೋದು ಒಂದಾದ್ರೆ ಹೇಳೋದು ಇನ್ನೊಂದು. ಹಠ ಬೇರೆ. ನೀವಾದ್ರೂ ಬುದ್ಧಿ ಹೇಳಿ.” ಹಠ ಯಾತಕ್ಕೆ ಎಂದು ಕೇಳಿದ ಮೇಲೆ ಮಾತು ಜಮೀನಿಗೆ ಬಂತು. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ಅಮ್ಮ ಸಹಿ ಹಾಕುತ್ತಿಲ್ಲ.

ಇಂಥಲ್ಲಿ ಹಿರಿಯರೊಬ್ಬರನ್ನೇ ಕೂರಿಸಿಕೊಂಡು ಮಾತಾಡಬೇಕು. ಮಕ್ಕಳು ಪಕ್ಕದಲ್ಲಿದ್ದರೆ ಉತ್ತರವೆಲ್ಲ ಅವರದೇ. ಹಿರಿಯರು ಸುಮ್ಮನಾದರೆ ಅದನ್ನೂ ಮರೆವು ಅನ್ನುತ್ತಾರೆ. ಎದುರಿಗೆ ಕೂತು ನಿಧಾನವಾಗಿ ಕೇಳಿದಾಗ ಈಕೆಯ ಉತ್ತರಗಳು ಸರಿಯಾಗಿದ್ದವು. ಹಿಂದಿನಿಂದ ಕರೆದರೆ ತಿರುಗಲಿಲ್ಲ. ಡೈರಿಗೆ ಹಾಕುವ ಹಾಲಿನ ಲೆಕ್ಕ ಕೇಳಿದೆವು. ಬೆಳಿಗ್ಗೆ ನಾಲ್ಕೂವರೆ ಲೀಟರ್, ಸಂಜೆ ಮೂರು. ಹಿಂಡಿ ಬದಲಾಯಿಸಿದ ವಾರ ಫ್ಯಾಟ್ 3.8ಕ್ಕೆ ಇಳಿದಿತ್ತು. ಮರೆವಿನ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಜಾರಿಹೋಗುವುದೇ ಇಂಥ ಇತ್ತೀಚಿನ ವಿವರ. ಹಸು ನೋಡಿಕೊಳ್ಳುವವರು ಇವರು, ಬಟವಾಡೆ, ಅಂದರೆ ಹಾಲಿನ ಹಣ, ಹೋಗುವುದು ಮಗನ ಬ್ಯಾಂಕ್ ಖಾತೆಗೆ.

ಕಿವಿ ಮಂದವಾಗಿ ಏಳೆಂಟು ವರ್ಷವಾಗಿತ್ತು. ಗಂಡನಿಗೆ ಕಣ್ಣಿನ ಪೊರೆ ಬಂದಾಗ ತಕ್ಷಣ ಆಪರೇಷನ್ ಆಯಿತು. ಇವರ ಕಿವಿಗೆ “ವಯಸ್ಸಾಯ್ತಲ್ಲ” ಎಂಬುದೇ ಔಷಧಿ. ಇದರ ಬೇರು ಇನ್ನೂ ಹಿಂದೆ ಇದೆ. ತಮ್ಮನನ್ನು ಎತ್ತಿಕೊಳ್ಳಲು ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದರು. ತವರಿನವರು ಅರಿಶಿನ ಕುಂಕುಮಕ್ಕೆಂದು ಸೀರೆ ಕೊಟ್ಟು ಪಾಲು ಬಿಡಿಸಿಕೊಂಡರು. ಕಬ್ಬಿನ ಕಳೆ ಕಿತ್ತವರು ಇವರು, ಫ್ಯಾಕ್ಟರಿ ಹಣ ಬಂದದ್ದು ಗಂಡನ ಹೆಸರಿಗೆ. ಹೆಣ್ಣೆಂದು ಓದು, ಖಾತೆ, ವ್ಯವಹಾರ ಎಲ್ಲದರಿಂದ ದೂರ ಇಟ್ಟು, ಈಗ ಅದನ್ನೇ ಮುಂದೆ ಮಾಡಿ “ವಯಸ್ಸಾದವರಿಗೆ ಏನು ಗೊತ್ತಾಗುತ್ತೆ” ಅನ್ನುವುದು ಅನ್ಯಾಯ.

ಮಗ ತಂದಿದ್ದ ಕಾಗದ ಪೌತಿ ಖಾತೆಯದಲ್ಲ, ತನ್ನ ಪಾಲು ಬಿಟ್ಟುಕೊಟ್ಟೆ ಎಂದು ಬರೆದುಕೊಡುವ ಹಕ್ಕು ಖುಲಾಸೆ ಪತ್ರ. ಪೌತಿ ಖಾತೆಗೆ ಬೇಕಾದದ್ದು ಮರಣ ಪ್ರಮಾಣಪತ್ರ, ವಂಶವೃಕ್ಷ, ಅರ್ಜಿ ಇತ್ಯಾದಿ. ಯಾರೂ ಹಕ್ಕು ಬಿಡಬೇಕಿಲ್ಲ, ವಾರಸುದಾರರೆಲ್ಲರ ಹೆಸರಿಗೆ ಜಂಟಿ ಖಾತೆ ಆಗುತ್ತದೆ. ಜಮೀನು ಗಂಡ ಸ್ವಂತ ದುಡಿಮೆಯಲ್ಲಿ ಕೊಂಡದ್ದು, 1 ಎಕರೆ 20 ಗುಂಟೆ. ವಿಲ್ ಬರೆದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಗ, ಮಗಳು ಮೂವರಿಗೂ ತಲಾ 20 ಗುಂಟೆ. (ಪಿತ್ರಾರ್ಜಿತವಾದರೆ ಲೆಕ್ಕ ಬೇರೆ, ವಕೀಲರನ್ನೇ ಕೇಳಬೇಕು.) ಮಗಳಿಗೆ ವಿಷಯವೇ ಗೊತ್ತಿರಲಿಲ್ಲ.

ಕೊಟ್ಟ ಸಲಹೆ ಇದು. ಮೊದಲು ದೇಹ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ. ವೈದ್ಯರಲ್ಲಿ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸಕ್ಕರೆ. ಇವು ಏರುಪೇರಾದರೂ ಮಂಕು ಕವಿದಂತಾಗುತ್ತದೆ, ಚಿಕಿತ್ಸೆಯಿಂದ ಸುಧಾರಿಸುತ್ತದೆ. ನಿದ್ದೆ, ಊಟ ಎರಡೂ ಕೆಟ್ಟಿದ್ದರಿಂದ ಖಿನ್ನತೆಗೆಂದು ಮನೋವೈದ್ಯರಿಗೂ ತೋರಿಸಲು ಹೇಳಿದೆವು.

ಅಲ್ಲಿಯತನಕ ಯಾವ ಕಾಗದಕ್ಕೂ ಸಹಿಯಿಲ್ಲ. ಜಗಳವಿಲ್ಲದೆ ಹೇಳಬಹುದಾದ ಮಾತೊಂದನ್ನು ಅಭ್ಯಾಸ ಮಾಡಿಸಿದೆವು: “ಓದ್ಸಿ ಕೇಳ್ಕಂಡು, ಮಗಳ್ನೂ ಕೇಳಿ ಆಮೇಲೆ ಹೇಳ್ತೀನಿ ಕಣಪ್ಪ.” ಒತ್ತಾಯಿಸಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದರೂ ಅಧಿಕಾರಿ ಕೇಳಿದಾಗ “ನನಗೆ ಒಪ್ಪಿಗೆಯಿಲ್ಲ” ಎಂದು ಸಹಿ ಹಾಕದಿದ್ದರೆ ನೋಂದಣಿ ನಿಲ್ಲುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.

ಮಗನಿಗೇ ಕೊಡುವ ಮನಸ್ಸಿದ್ದರೆ ವಿಲ್ ಬರೆಯಲಿ: ಇಬ್ಬರು ಸಾಕ್ಷಿ ಸಾಕು, ಬದುಕಿರುವವರೆಗೆ ಬದಲಿಸಬಹುದು. ದಾನಪತ್ರವೇ ಆಗಬೇಕೆಂದರೆ “ಕೊನೆಯವರೆಗೆ ನೋಡಿಕೊಳ್ಳತಕ್ಕದ್ದು” ಎಂಬ ಷರತ್ತು ಪತ್ರದೊಳಗೇ ಇರಲಿ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ಪತ್ರವನ್ನು ರದ್ದುಪಡಿಸಬಹುದು. ಬಾಯಿಮಾತಿನ ಭರವಸೆ ನಂಬಿ ಬರೆದುಕೊಟ್ಟವರೇ ಅಲ್ಲಿ ಹೆಚ್ಚು ಒದ್ದಾಡುವುದು. ತೊಂದರೆಯಾದರೆ ಹಿರಿಯರ ಸಹಾಯವಾಣಿ 14567.

ಮಗನನ್ನು ಬೈದು ಕಳಿಸಲಿಲ್ಲ. ಅವನ ತಲೆಯ ಮೇಲೆ ಬೆಳೆ ಸಾಲವಿತ್ತು. ಜಂಟಿ ಖಾತೆಯಲ್ಲೂ ಎಲ್ಲರ ಒಪ್ಪಿಗೆಯಿದ್ದರೆ ಸಾಲಕ್ಕೆ ಬ್ಯಾಂಕಿನಲ್ಲಿ ಕೇಳಬಹುದೆಂದು ತಿಳಿಸಿದೆವು. ಮನೆಯವರಿಗೆ ಇನ್ನೊಂದು ಮಾತು: ಅಡುಗೆಮನೆಯಿಂದ ಕೂಗಬೇಡಿ, ಎದುರಿಗೆ ಬಂದು ಮಾತಾಡಿ.

ಪರೀಕ್ಷೆಯಲ್ಲಿ ಎರಡೂ ಕಿವಿ ಮಂದವಿರುವುದು ಖಚಿತವಾಯಿತು, ಶ್ರವಣ ಸಾಧನ ಕೊಟ್ಟರು. ಮಗಳೂ ಸೇರಿ ಜಂಟಿ ಖಾತೆಗೆ ಅರ್ಜಿ ಹಾಕಿದ್ದಾರೆ. ಮಗ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ತಾಯಿ ಬಟವಾಡೆಯನ್ನು ತಮ್ಮ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಲು ಡೈರಿ ಸದಸ್ಯತ್ವ ತಮ್ಮ ಹೆಸರಿಗಾಗಬೇಕು. ಅದಕ್ಕೆ ಆಧಾರ್, ಪಾಸ್‌ಬುಕ್ ಹಿಡಿದು ಕಾರ್ಯದರ್ಶಿಯನ್ನು ಕಾಣಲು ಹೇಳಿದ್ದೇವೆ.