ಮೂಳೆ ಕೂಡಿದೆ, ಭಯ ಬಿಟ್ಟಿಲ್ಲ

ಪ್ರಶ್ನೆ: ನನಗೆ 21 ವರ್ಷ, ಬಲಗೈ ವೇಗದ ಬೌಲರ್. ಕಳೆದ ವರ್ಷ ಬೆನ್ನುಮೂಳೆಯ ಕೆಳಭಾಗದಲ್ಲಿ ಬಿರುಕು ಬಿಟ್ಟು ಏಳು ತಿಂಗಳು ಆಡಲಿಲ್ಲ. ಈಗ ಮೂಳೆ ಕೂಡಿದೆ, ಬೌಲಿಂಗ್ ಮಾಡಬಹುದು ಎಂದು ವೈದ್ಯರು ಹೇಳಿದ್ದಾರೆ. ಆದರೂ ನೆಟ್ಸ್‌ನಲ್ಲಿ ಎರಡು ಓವರ್ ಆಗುವಷ್ಟರಲ್ಲಿ ಬೆನ್ನು ಹಿಡಿದುಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞರನ್ನು ಕಾಣುವಂತೆ ಫಿಸಿಯೊ ಹೇಳುತ್ತಿದ್ದಾರೆ. ನನ್ನ ನೋವು ಬರೀ ಭ್ರಮೆಯೇ?

ಉತ್ತರ: ಖಂಡಿತ ಅಲ್ಲ. ನಿಮ್ಮ ನೋವು ನಿಜ. ಫಿಸಿಯೊ ಕೊಟ್ಟ ಸಲಹೆಯೂ ಸರಿಯಾದದ್ದೇ.

ಅಪಾಯವಿದೆ ಎಂದು ಮಿದುಳಿಗೆ ಅನ್ನಿಸಿದಾಗ ಅದು ಕೊಡುವ ಎಚ್ಚರಿಕೆಯೇ ನೋವು. ಏಳು ತಿಂಗಳು ‘ಬಗ್ಗಬೇಡ, ತಿರುಗಬೇಡ’ ಎಂದು ಕೇಳಿಸಿಕೊಂಡ ಮಿದುಳು ಗಾಯ ಮಾಗಿದ ಕೂಡಲೇ ಕಾವಲು ಬಿಡುವುದಿಲ್ಲ. ಮುಂಗಾಲು ಕ್ರೀಸಿಗೆ ಬೀಳುವ ಮೊದಲೇ ಸೊಂಟದ ಸ್ನಾಯುಗಳು ಬಿಗಿಯುತ್ತವೆ, ಬಿಗಿದದ್ದು ನೋಯುತ್ತದೆ, ನೋವು ಭಯವನ್ನು ಇನ್ನಷ್ಟು ಬೆಳೆಸುತ್ತದೆ.

ಈ ಸುತ್ತನ್ನು ಮುರಿಯಬಹುದು. ಬಹುಕಾಲದ ಬೆನ್ನುನೋವಿದ್ದ 492 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನವೊಂದು 2023ರಲ್ಲಿ ‘ದಿ ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನೋವಿನ ಬಗೆಗಿನ ನಂಬಿಕೆ, ಭಯ ಮತ್ತು ಚಲನೆ ಮೂರನ್ನೂ ಒಟ್ಟಿಗೆ ತಿದ್ದಿದವರಲ್ಲಿ ಕಂಡ ಸುಧಾರಣೆ ಒಂದು ವರ್ಷದ ನಂತರವೂ ಉಳಿದಿತ್ತು. ಅದು ಸಾಮಾನ್ಯ ಜನರ ಮೇಲೆ ನಡೆದ ಅಧ್ಯಯನ. ಬೌಲರ್‌ನ ಬೆನ್ನು ಹೊರುವ ಭಾರವೇ ಬೇರೆ. ಆದ್ದರಿಂದ ಫಿಸಿಯೊ ಜೊತೆಗಿರಲೇಬೇಕು.

ನಿಮಗೆ ಭಯ ತರುವ ಚಲನೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಬರೆದುಕೊಳ್ಳಿ: ನಿಂತಲ್ಲಿಂದ ಎಸೆಯುವುದು, ನಡೆದು ಬಂದು ಎಸೆಯುವುದು, ಅರ್ಧ ರನ್ ಅಪ್, ಪೂರ್ತಿ ವೇಗ. ಪ್ರತಿ ಹಂತಕ್ಕೂ ಚೆಂಡುಗಳ ಲೆಕ್ಕವನ್ನು ಫಿಸಿಯೊ ಮೊದಲೇ ನಿಗದಿ ಮಾಡಲಿ. ಹನ್ನೆರಡು ಎಂದರೆ ಹನ್ನೆರಡೇ. ಚೆನ್ನಾಗಿದೆ ಎಂದು ಹದಿನೆಂಟು ಹಾಕಬೇಡಿ, ಸ್ವಲ್ಪ ಬಿಗಿಯಿತೆಂದು ಆರಕ್ಕೆ ನಿಲ್ಲಿಸಬೇಡಿ. ಎಸೆಯುವ ಮೊದಲು, ಎಷ್ಟು ನೋಯಬಹುದೆಂದು ಹತ್ತಕ್ಕೆ ಅಂಕ ಕೊಡಿ. ಮುಗಿದ ಮೇಲೆ ನಿಜವಾಗಿ ಎಷ್ಟು ನೋಯಿತೆಂದು ಬರೆಯಿರಿ. ಎರಡಕ್ಕೂ ನಡುವಿನ ಅಂತರ ಕಣ್ಣಿಗೆ ಬಿದ್ದಾಗ ಮಿದುಳು ಕಲಿಯುತ್ತದೆ. ಉಪದೇಶದಿಂದ ಭಯ ಹೋದದ್ದನ್ನು ನಾನು ಕಂಡಿಲ್ಲ.

ಎಡಬದಿಯಲ್ಲಿ ಒಂದೇ ಜಾಗದಲ್ಲಿ, ಹಿಂದಕ್ಕೆ ಬಾಗಿದಾಗ ನೋವು ದಿನದಿಂದ ದಿನಕ್ಕೆ ಹೆಚ್ಚಿದರೆ ಬೌಲಿಂಗ್ ನಿಲ್ಲಿಸಿ ವೈದ್ಯರನ್ನು ಕಾಣಿ. ಕಾಲಿನ ಬಲ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಒಂದು ಗಂಟೆಯೂ ಕಾಯಬೇಡಿ.

ಕರ್ನಾಟಕದ ವೇಗದ ಬೌಲರ್ ಪ್ರಸಿದ್ಧ ಕೃಷ್ಣ ಇಂಥದೇ ಬಿರುಕಿನಿಂದ ಸುಮಾರು ಒಂದು ವರ್ಷ ಹೊರಗಿದ್ದು, 2023ರ ಆಗಸ್ಟ್‌ನಲ್ಲಿ ಐರ್ಲೆಂಡ್ ವಿರುದ್ಧ ಮತ್ತೆ ಭಾರತಕ್ಕೆ ಆಡಿದರು. ನಿಮಗೂ ಅವಸರ ಬೇಡ. ಪ್ರತಿ ಓವರ್ ಆದ ಮೇಲೆ ‘ಬೆನ್ನು ಹೇಗಿದೆ?’ ಎಂದು ಕೇಳಬೇಡಿ ಎಂದು ಕೋಚ್‌ಗೂ ಮನೆಯವರಿಗೂ ಹೇಳಿ. ಅಭ್ಯಾಸ ಮುಗಿದ ಮೇಲೆ ಒಮ್ಮೆ ಕೇಳಿದರೆ ಸಾಕು.