ಮಂಗಳೂರಲ್ಲೇ ರಿಫೈನರಿ ಇದೆ, ಆದರೂ ಇಲ್ಲಿ ಪೆಟ್ರೋಲ್ ಯಾಕೆ ಅಗ್ಗವಿಲ್ಲ? ಈ ದರ ನ್ಯಾಯವೇ?

ಪೂರ್ತಿ ನ್ಯಾಯ ಅಂತ ನಾನು ಹೇಳುವುದಿಲ್ಲ. ಆದರೆ ಅನ್ಯಾಯ ಇರುವುದು ನೀವು ಬೊಟ್ಟು ಮಾಡಿದ ಜಾಗದಲ್ಲಿ ಅಲ್ಲ. ಕುತ್ತೆತ್ತೂರಿನಲ್ಲಿರುವ ಆ ರಿಫೈನರಿ, ಅಂದರೆ ಎಂಆರ್‌ಪಿಎಲ್‌ನಿಂದ ನಿಮ್ಮ ಬಂಕ್ ಎಷ್ಟು ದೂರ ಅನ್ನುವುದರಿಂದ ದರದಲ್ಲಿ ಬದಲಾಗುವುದು ಪೈಸೆಗಳು ಮಾತ್ರ. ಎಂಆರ್‌ಪಿಎಲ್‌ನಿಂದ ಹಾಸನದ ಮೂಲಕ ಬೆಂಗಳೂರಿಗೆ 2003ರಿಂದ ಪೈಪ್‌ಲೈನ್ ಇದೆ. ಪೈಪಿನಲ್ಲಿ ಸಾಗಿಸುವುದು ಟ್ಯಾಂಕರಿನಲ್ಲಿ ಘಾಟಿ ಹತ್ತಿಸುವುದಕ್ಕಿಂತ ಎಷ್ಟೋ ಅಗ್ಗ. ಹಾಗಾಗಿ ಮಂಗಳೂರಿಗೂ ಬೆಂಗಳೂರಿಗೂ ಇರುವ ವ್ಯತ್ಯಾಸ ಸಾಮಾನ್ಯವಾಗಿ ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ. ಉಡುಪಿ ಜಿಲ್ಲೆಯ ಪಾದೂರಿನ ಬಂಡೆಯೊಳಗಿನ 25 ಲಕ್ಷ ಟನ್, ಮಂಗಳೂರಿನ 15 ಲಕ್ಷ ಟನ್ ಸಾಮರ್ಥ್ಯದ ಸಂಗ್ರಹಾಗಾರಗಳ ಬಗ್ಗೆಯೂ ಹಲವರು ಕೇಳುತ್ತಾರೆ. ಅವು ಯುದ್ಧ, ಪೂರೈಕೆ ಕಡಿತದಂಥ ತುರ್ತಿಗೆ ಇಟ್ಟ ಕಚ್ಚಾ ತೈಲಕ್ಕಾಗಿ ಇರುವಂಥವು. ಬಂಕ್ ದರಕ್ಕೂ ಅವಕ್ಕೂ ನೇರ ಸಂಬಂಧವಿಲ್ಲ.

ಮೊದಲು ಲೆಕ್ಕ ಬಿಡಿಸೋಣ. ಕೆಳಗಿನ ತೆರಿಗೆಗಳು 2025ರ ಏಪ್ರಿಲ್‌ನ ಬದಲಾವಣೆಯ ನಂತರದವು. ನೀವು ಓದುವ ಹೊತ್ತಿಗೆ ಬದಲಾಗಿದ್ದರೆ ಹೊಸ ಅಂಕಿ ಹಾಕಿಕೊಳ್ಳಿ, ಕ್ರಮ ಇದೇ.

ಪೆಟ್ರೋಲ್ ಲೀಟರಿಗೆ 102 ರೂಪಾಯಿ ಅಂದುಕೊಳ್ಳಿ. ರಾಜ್ಯದ ಮಾರಾಟ ತೆರಿಗೆ ಶೇ. 29.84. ಆದ್ದರಿಂದ 102ನ್ನು 1.2984ರಿಂದ ಭಾಗಿಸಿ: 78.56 ಬರುತ್ತದೆ. ಉಳಿದ 23.44 ರಾಜ್ಯಕ್ಕೆ ಹೋಗುವ ಹಣ. 78.56ರಲ್ಲಿ ಕೇಂದ್ರದ ಅಬಕಾರಿ ಸುಂಕ 21.90 ಕಳೆಯಿರಿ, 56.66 ಉಳಿಯಿತು. ಅದರಲ್ಲಿ ಡೀಲರ್ ಕಮಿಷನ್ ಸುಮಾರು 4.40. ಮಿಕ್ಕ 52 ಚಿಲ್ಲರೆ ರೂಪಾಯಿಯೇ ಪೆಟ್ರೋಲಿನ ಬೆಲೆ, ಸಾಗಣೆ, ಕಂಪನಿಯ ಲಾಭ ಎಲ್ಲ ಸೇರಿ. ಡೀಸೆಲ್‌ಗೂ ಹೀಗೇ ಮಾಡಿ: 1.2117ರಿಂದ ಭಾಗಿಸಿ, 17.80 ಸುಂಕ ಕಳೆದು, ಕಮಿಷನ್ ಸುಮಾರು 3 ರೂಪಾಯಿ ತೆಗೆಯಿರಿ.

ಅಂದರೆ 102ರಲ್ಲಿ 45 ರೂಪಾಯಿಗೂ ಹೆಚ್ಚು ತೆರಿಗೆ. ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರಿನಲ್ಲಿ ಸುರತ್ಕಲ್‌ನಿಂದ ಹಂಪನಕಟ್ಟೆಗೆ ಕೆಲಸಕ್ಕೆ ಹೋಗುವವರು ಪ್ರತಿ ಕಿಲೋಮೀಟರಿಗೆ ಒಂದು ರೂಪಾಯಿ ತೆರಿಗೆ ಕಟ್ಟುತ್ತಾರೆ. ರಸ್ತೆ, ಆಸ್ಪತ್ರೆಗೆ ಹಣ ಬೇಕು, ತೆರಿಗೆಯೇ ಬೇಡ ಅನ್ನುವ ವಾದ ನನ್ನದಲ್ಲ. ನನ್ನ ತಕರಾರು ಅದನ್ನು ಹಾಕುವ ರೀತಿಯ ಮೇಲೆ.

ರಾಜ್ಯದ ಶೇ. 29.84 ಬೀಳುವುದು ಕೇಂದ್ರದ ಸುಂಕವೂ ಸೇರಿದ ಮೊತ್ತದ ಮೇಲೆ. 21.90ರ ಮೇಲೆ 29.84 ಶೇಕಡಾ ಹಾಕಿದರೆ 6.53 ರೂಪಾಯಿ. ಇಷ್ಟು ಹಣ ಬರೀ ತೆರಿಗೆಯ ಮೇಲಿನ ತೆರಿಗೆ. ರಾಜ್ಯದ ತೆರಿಗೆ ಶೇಕಡಾವಾರು ಇರುವುದರಿಂದ ಕಚ್ಚಾ ತೈಲ ಏರಿ ಮೂಲ ಬೆಲೆ 10 ರೂಪಾಯಿ ಹೆಚ್ಚಿದರೆ ನೀವು ಕೊಡಬೇಕಾದದ್ದು ಸುಮಾರು 13 ರೂಪಾಯಿ ಹೆಚ್ಚು. ಜನರಿಗೆ ಕಷ್ಟ ಬಂದ ಹೊತ್ತಿಗೇ ರಾಜ್ಯದ ಆದಾಯ ತಾನಾಗಿ ಏರುತ್ತದೆ. ಲೀಟರಿಗೆ ಇಷ್ಟು ರೂಪಾಯಿ ಅಂತ ನಿಗದಿ ಮಾಡಿದ್ದರೆ ಹೀಗಾಗುತ್ತಿರಲಿಲ್ಲ. ಇನ್ನು ಕೇಂದ್ರದ 21.90ರಲ್ಲಿ ರಾಜ್ಯಗಳ ಜತೆ ಹಂಚಿಕೊಳ್ಳಬೇಕಾದ ಮೂಲ ಸುಂಕ 1.40 ಮಾತ್ರ. ಉಳಿದದ್ದು ಸೆಸ್ ಮತ್ತು ವಿಶೇಷ ಹೆಚ್ಚುವರಿ ಸುಂಕ, ಪೂರ್ತಿ ಕೇಂದ್ರದ ಕೈಯಲ್ಲೇ ಉಳಿಯುತ್ತದೆ. ಇದೇ ಕಾರಣ ತೋರಿಸಿ ರಾಜ್ಯಗಳು ತಮ್ಮ ತೆರಿಗೆ ಏರಿಸುತ್ತವೆ. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು, ಒಂದೇ ದಿನ 3 ರೂಪಾಯಿ ಹೆಚ್ಚಾಯಿತು. ಹಾಗೆಂದು ನಾವೇ ಹೆಚ್ಚು ಕೊಡುವವರಲ್ಲ. ತಲಪಾಡಿ ದಾಟಿದರೆ ಕೇರಳದಲ್ಲಿ ಇನ್ನೂ ಜಾಸ್ತಿ, ಅದಕ್ಕೇ ಗಡಿಯ ಈಚೆಗಿನ ಬಂಕ್‌ಗಳಲ್ಲಿ ಕೇರಳದ ನಂಬರಿನ ವಾಹನಗಳು ನಿಲ್ಲುವುದು.

ಈಗ ಆ 52 ರೂಪಾಯಿಗೆ ಬರೋಣ. ರಿಫೈನರಿಯಿಂದ ಹೊರಡುವ ಪೆಟ್ರೋಲಿನ ಬೆಲೆಗೆ ಆಧಾರ ಅದನ್ನು ತಯಾರಿಸಿದ ಖರ್ಚಲ್ಲ. 2006ರ ಸೂತ್ರದ ಪ್ರಕಾರ ಅದರ ಶೇ. 80 ಭಾಗ ಆಮದು ದರ, ಶೇ. 20 ಭಾಗ ರಫ್ತು ದರ. ಆಮದು ದರ ಅಂದರೆ ಸಿದ್ಧ ಪೆಟ್ರೋಲನ್ನೇ ಹೊರದೇಶದಿಂದ ತರಿಸಿದ್ದರೆ ಆಗುತ್ತಿದ್ದ ಬೆಲೆ: ಹಡಗಿನ ಬಾಡಿಗೆ, ವಿಮೆ, ಕಸ್ಟಮ್ಸ್ ಸುಂಕ, ಬಂದರಿನ ಖರ್ಚು ಎಲ್ಲ ಹಿಡಿದು. ಪಣಂಬೂರಿಗೆ ಕಚ್ಚಾ ತೈಲ ಹಡಗಿನಲ್ಲೇ ಬರುತ್ತದೆ, ಆ ಬಾಡಿಗೆ ನಿಜ. ಆದರೆ ಇಲ್ಲೇ ಸಿದ್ಧವಾದ ಪೆಟ್ರೋಲಿಗೆ ಆಮದು ಸುಂಕವನ್ನು ಯಾರೂ ಕಟ್ಟಿರುವುದಿಲ್ಲ, ಆದರೂ ಲೆಕ್ಕದಲ್ಲಿ ಅದು ಇರುತ್ತದೆ. ರಿಫೈನರಿ ಪಕ್ಕದಲ್ಲಿದ್ದೂ ಲಾಭ ಕಾಣದಿರುವುದಕ್ಕೆ ನಿಜವಾದ ಕಾರಣ ಇದು.

ಕಾಗದದ ಮೇಲೆ ಪೆಟ್ರೋಲ್ ದರ 2010ರ ಜೂನ್‌ನಿಂದ, ಡೀಸೆಲ್ ದರ 2014ರ ಅಕ್ಟೋಬರ್‌ನಿಂದ ಮಾರುಕಟ್ಟೆಗೆ ಬಿಟ್ಟದ್ದು. 2017ರ ಜೂನ್ 16ರಿಂದ ಬೆಳಗ್ಗೆ 6ಕ್ಕೆ ದಿನವೂ ಬದಲಾಗಬೇಕು. ಆದರೆ 2022ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ತೈಲ ಕಂಪನಿಗಳು ತಮ್ಮ ದರ ಮುಟ್ಟಲೇ ಇಲ್ಲ. ನಡುವೆ ಇಳಿದದ್ದು ಕೇಂದ್ರ ಸುಂಕ ಕಡಿಮೆ ಮಾಡಿದ್ದರಿಂದ. ಕಚ್ಚಾ ತೈಲ ದುಬಾರಿ ಇದ್ದಾಗ ಅವು ನಷ್ಟ ಹೊತ್ತದ್ದು ಹೌದು. ಆಮೇಲೆ ತೈಲ ಅಗ್ಗವಾಯಿತು, 2023–24ರಲ್ಲಿ ಮೂರು ಸರ್ಕಾರಿ ಕಂಪನಿಗಳ ಒಟ್ಟು ಲಾಭ ಸುಮಾರು 81,000 ಕೋಟಿ ರೂಪಾಯಿ ಮುಟ್ಟಿತು, ನಮಗೆ ಸಿಕ್ಕಿದ್ದು 2 ರೂಪಾಯಿ ಇಳಿಕೆ. ಇದನ್ನು ನಾನು ಸ್ಪಷ್ಟವಾಗಿ ಅನ್ಯಾಯ ಅನ್ನುತ್ತೇನೆ. ಮಾರುಕಟ್ಟೆ ದರ ಅಂದ ಮೇಲೆ ಇಳಿಕೆಯೂ ಗ್ರಾಹಕರಿಗೆ ತಲುಪಬೇಕು.

ಬಸ್ ದರದಲ್ಲೂ ಒಂದು ಲೆಕ್ಕ ಮಾಡಿ ನೋಡಿ. ದಿನಕ್ಕೆ 200 ಕಿಲೋಮೀಟರ್ ಓಡುವ ಸಿಟಿ ಬಸ್, ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಅಂದರೆ 44 ಲೀಟರ್ ಚಿಲ್ಲರೆ. ಡೀಸೆಲ್ 2 ರೂಪಾಯಿ ಏರಿದರೆ ದಿನಕ್ಕೆ 89 ರೂಪಾಯಿ ಹೊರೆ. 500 ಟಿಕೆಟ್ ಹರಿದರೆ ಟಿಕೆಟ್‌ಗೆ 18 ಪೈಸೆ. ಡೀಸೆಲ್ ಏರಿತು ಅನ್ನುವ ಒಂದೇ ಕಾರಣಕ್ಕೆ ಟಿಕೆಟ್‌ಗೆ ಇಡೀ ರೂಪಾಯಿ, ಎರಡು ರೂಪಾಯಿ ಏರಿಸಿದರೆ ಈ ಲೆಕ್ಕ ಮುಂದಿಡಿ. ಟಯರ್, ಸಂಬಳ, ವಿಮೆಯ ಏರಿಕೆ ಬೇರೆ ಲೆಕ್ಕ.

ಮಲ್ಪೆ ಮತ್ತು ಮಂಗಳೂರು ದಕ್ಕೆಯ ಯಾಂತ್ರಿಕ ಬೋಟುಗಳಿಗೆ ನಿಗದಿತ ಕೋಟಾದೊಳಗೆ ರಾಜ್ಯದ ಮಾರಾಟ ತೆರಿಗೆ ಇಲ್ಲದ ಡೀಸೆಲ್ ಸಿಗುತ್ತದೆ. ಕೇಂದ್ರದ ಸುಂಕ ಮಾತ್ರ ಹಾಗೆಯೇ ಇರುತ್ತದೆ. ಆ ಸುಂಕದಲ್ಲೇ ಸೇರಿರುವ ರಸ್ತೆ ಹೆಸರಿನ ಸೆಸ್ಸನ್ನು ಸಮುದ್ರದಲ್ಲಿ ಓಡುವ ಬೋಟಿನಿಂದ ವಸೂಲು ಮಾಡುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಕೊನೆಯದಾಗಿ ಬಂಕ್. ದರದ ಸಿಟ್ಟನ್ನು ಅಲ್ಲಿನ ಹುಡುಗರ ಮೇಲೆ ತೀರಿಸಬೇಡಿ, ಆದರೆ ಅಳತೆ ಕೇಳುವುದು ನಿಮ್ಮ ಹಕ್ಕು. ಪ್ರತಿ ಬಂಕ್‌ನಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ 5 ಲೀಟರಿನ ಅಳತೆ ಪಾತ್ರೆ ಇರಲೇಬೇಕು. ಅದಕ್ಕೆ 5 ಲೀಟರ್ ಹಾಕಿಸಿ ನೋಡಿ, 25 ಮಿಲಿಲೀಟರಿಗಿಂತ ಜಾಸ್ತಿ ಕೊರತೆ ಇದ್ದರೆ ದೂರು ಕೊಡಬಹುದು. ಹಾಗೆಯೇ ಮಳೆಗಾಲದಲ್ಲಿ ನೀರಿನ ಬಗ್ಗೆ ಎಚ್ಚರ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ನೆಲದೊಳಗಿನ ಟ್ಯಾಂಕಿಗೆ ಮಳೆನೀರು ಇಳಿದರೆ ಎಥನಾಲ್ ಅದನ್ನು ಹೀರಿಕೊಂಡು, ಮಿತಿ ಮೀರಿದಾಗ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತದೆ. ಅದು ಗಾಡಿಗೆ ಬಿದ್ದರೆ ಎಂಜಿನ್ ಮಿಸ್ ಹೊಡೆದು ನಿಂತುಬಿಡುತ್ತದೆ. ಹಾಗಾದರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡದೆ, ಮೆಕ್ಯಾನಿಕ್ ಹತ್ತಿರ ಟ್ಯಾಂಕ್ ಖಾಲಿ ಮಾಡಿಸುವಾಗ ಒಂದಿಷ್ಟನ್ನು ಗಾಜಿನ ಬಾಟಲಿಯಲ್ಲಿ ತೆಗೆದಿಡಿ. ಹತ್ತು ನಿಮಿಷದಲ್ಲಿ ಎರಡು ಪದರ ಕಂಡರೆ ಅದನ್ನೂ ಬಿಲ್ಲನ್ನೂ ಇಟ್ಟುಕೊಂಡು ಬಂಕ್‌ಗೂ ತೈಲ ಕಂಪನಿಗೂ ಲಿಖಿತ ದೂರು ಕೊಡಿ.