ಅಮ್ಮನ ಮಂಡಿ ಆಪರೇಷನ್‌ಗೆ ಅಸಿಟ್ರಾಮ್ ನಿಲ್ಲಿಸಿದರೆ ಸ್ಟ್ರೋಕ್ ಆಗಲ್ವಾ?

ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಮತ್ತೊಮ್ಮೆ ಹೇಳಿಬಿಡುತ್ತೇನೆ, ಓದುವ ಬೇರೆಯವರಿಗೂ ಗೊತ್ತಾಗಲಿ. ಅಮ್ಮನಿಗೆ 68 ವರ್ಷ. ಎದೆಬಡಿತದ ತಾಳ ತಪ್ಪುವ ಕಾಯಿಲೆ ಇದೆ, ಅಂದರೆ ಏಟ್ರಿಯಲ್ ಫಿಬ್ರಿಲೇಷನ್. ಅದಕ್ಕೆ ನಾಲ್ಕು ವರ್ಷದಿಂದ ಅಸಿಟ್ರಾಮ್, ಅಂದರೆ ರಕ್ತ ಹೆಪ್ಪುಗಟ್ಟದ ಹಾಗೆ ತೆಳುವಾಗಿಡುವ ಮಾತ್ರೆ, ತಗೊಳ್ಳುತ್ತಿದ್ದಾರೆ. ಈಗ ಮಂಡಿ ಚಿಪ್ಪು ಬದಲಾಯಿಸುವ ಆಪರೇಷನ್. ಮೂಳೆ ಡಾಕ್ಟರು ಮಾತ್ರೆ ನಿಲ್ಲಿಸಿ ಅಂದಿದ್ದಾರೆ. ಹೃದಯದ ಡಾಕ್ಟರು ಒಂದು ದಿನವೂ ತಪ್ಪಿಸಬೇಡಿ, ಸ್ಟ್ರೋಕ್ ಆದೀತು ಅಂತ ಹಿಂದೆ ಹೇಳಿದ್ದರು. ಯಾರ ಮಾತು ಕೇಳೋದು? ಜೊತೆಗೆ, ಆಪರೇಷನ್‌ಗೆ ಮುಂಚೆ ಆಂಜಿಯೋಗ್ರಾಮ್ ಬೇಕಾಗಬಹುದು ಅಂದಿದ್ದಾರೆ, ಅದರಿಂದಲೂ ಸ್ಟ್ರೋಕ್ ಆಗುತ್ತಾ?

ಇಬ್ಬರು ಡಾಕ್ಟರೂ ಸರಿಯಾಗೇ ಹೇಳಿದ್ದಾರೆ. ಇಬ್ಬರೂ ಒಂದೇ ಚೀಟಿಯಲ್ಲಿ ಬರೆದುಕೊಟ್ಟಿಲ್ಲ, ತೊಂದರೆ ಇರುವುದು ಅಲ್ಲಿ.

ನಾನು ಡಾಕ್ಟರ್ ಅಲ್ಲ. 26 ವರ್ಷ ಸ್ಟಾಫ್ ನರ್ಸ್ ಆಗಿದ್ದೆ, ಅದರಲ್ಲಿ ಜಾಸ್ತಿ ಕಾಲ ಮೂಳೆ ವಾರ್ಡಿನಲ್ಲೇ. ಈಗ ರಿಟೈರ್ ಆಗಿ ತುಮಕೂರಿನ ಮನೆಯಲ್ಲಿದ್ದೇನೆ. ಅಲ್ಲಿ ನೋಡಿದ್ದನ್ನೂ ನಮ್ಮ ಮನೆಯಲ್ಲೇ ಆದ ಒಂದು ಎಡವಟ್ಟನ್ನೂ ಹೇಳುತ್ತೇನೆ. ಎಡವಟ್ಟೇ ಮೊದಲು.

ನಮ್ಮ ಸೋದರಮಾವನಿಗೂ ನಿಮ್ಮ ಅಮ್ಮನ ಕಾಯಿಲೆಯೇ, ಅದೇ ಮಾತ್ರೆ. 2014ರಲ್ಲಿ ಹರ್ನಿಯಾ ಆಪರೇಷನ್ ಆಯ್ತು. ಮೂರು ದಿನ ಮುಂಚೆ ಅಸಿಟ್ರಾಮ್ ನಿಲ್ಲಿಸಿದರು. ಆಪರೇಷನ್ ಚೆನ್ನಾಗಿ ಆಯ್ತು, ಮೂರನೇ ದಿನಕ್ಕೆ ಮನೆಗೆ ಬಂದರು. ಡಿಸ್ಚಾರ್ಜ್ ಚೀಟಿಯಲ್ಲಿ ಬಿ.ಪಿ., ಶುಗರ್ ಮಾತ್ರೆಗಳು, ಆಂಟಿಬಯೋಟಿಕ್, ನೋವಿನ ಮಾತ್ರೆ, ಎಲ್ಲ ಇತ್ತು. ಅಸಿಟ್ರಾಮ್ ಇರಲಿಲ್ಲ. ಆಸ್ಪತ್ರೆಯಲ್ಲಿದ್ದಾಗ ಕೊಡುತ್ತಿರಲಿಲ್ಲವಲ್ಲ, ಹಾಗಾಗಿ ಚೀಟಿ ಬರೆದವರ ಕಣ್ಣಿಗೆ ಅದು ಬೀಳಲೇ ಇಲ್ಲ. ಅತ್ತೆ ಅಸಿಟ್ರಾಮ್ ಮಾತ್ರೆಯ ಸ್ಟ್ರಿಪ್ಪನ್ನು ಬೀರುವಿನಲ್ಲಿ ಜೋಪಾನವಾಗಿ ಎತ್ತಿಟ್ಟಿದ್ದರು. ಡಾಕ್ಟರೇ ನಿಲ್ಲಿಸಿದ್ದಲ್ವಾ, ಅವರೇ ಹೇಳುತ್ತಾರೆ ಅಂತ. ಎಂಟನೇ ದಿನ ನಾನೇ ನೋಡಲು ಹೋಗಿದ್ದೆ. ಹೊಲಿಗೆ ನೋಡಿದೆ, ಬಿ.ಪಿ. ನೋಡಿದೆ, ಕಾಫಿ ಕುಡಿದು ಬಂದೆ. ಅಷ್ಟು ವರ್ಷದ ನರ್ಸ್, ಅಸಿಟ್ರಾಮ್ ಬಗ್ಗೆ ಒಂದು ಮಾತು ಕೇಳಲಿಲ್ಲ. ಹತ್ತೊಂಬತ್ತನೇ ದಿನ ಬೆಳಗ್ಗೆ ಮಾವನ ಬಲಗೈಯಿಂದ ಲೋಟ ಜಾರಿತು. ಬಾಯಿ ಒಂದು ಕಡೆಗೆ ಎಳೆಯಿತು. ಬದುಕಿದ್ದಾರೆ, ನಡೆಯುತ್ತಾರೆ. ಮಾತು ಮಾತ್ರ ಪೂರ್ತಿ ವಾಪಸ್ ಬರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ನಿಲ್ಲಿಸುವ ಮೂರ್ನಾಲ್ಕು ದಿನಕ್ಕೆ ಅಷ್ಟೊಂದು ಹೆದರಬೇಡಿ. ಮತ್ತೆ ಶುರು ಮಾಡುವ ತಾರೀಖು ಯಾರಿಗೂ ಗೊತ್ತಿಲ್ಲ ಅನ್ನುವ ಸ್ಥಿತಿಗೆ ಹೆದರಿ. ಆಪರೇಷನ್‌ಗೆ ಮುಂಚೆಯೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಕೊನೆಯ ಮಾತ್ರೆ ಯಾವ ರಾತ್ರಿ, ರಕ್ತ ಪರೀಕ್ಷೆ ಯಾವತ್ತು, ಹೆಪ್ಪು ತಡೆಯುವ ಇಂಜೆಕ್ಷನ್ ಯಾವಾಗಿಂದ ಯಾವಾಗಿನವರೆಗೆ, ಅಸಿಟ್ರಾಮ್ ಮತ್ತೆ ಯಾವ ತಾರೀಖಿಗೆ, ಎಷ್ಟು ಮಿಲಿಗ್ರಾಂ. ಹೃದಯದ ಡಾಕ್ಟರೂ ಮೂಳೆ ಡಾಕ್ಟರೂ ಅದೇ ಹಾಳೆ ನೋಡಲಿ. ಕೇಳೋಕೆ ಸಂಕೋಚ ಬೇಡ. ಬೈದರೆ ಬೈಯಲಿ.

ನಿಲ್ಲಿಸುವುದು ಯಾಕೆ ಅಂದರೆ, ಮಂಡಿ ಆಪರೇಷನ್‌ನಲ್ಲಿ ಮೂಳೆ ಕೊಯ್ಯುತ್ತಾರೆ. ಸಾಮಾನ್ಯವಾಗಿ ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ರಕ್ತ ತೆಳುವಾಗಿದ್ದಾಗ ಆ ಸೂಜಿ ಹಾಕಿದರೆ ಬೆನ್ನುಹುರಿಯ ಪಕ್ಕದಲ್ಲೇ ರಕ್ತ ಕಟ್ಟಿಕೊಂಡು ಕಾಲು ಸ್ವಾಧೀನ ತಪ್ಪಬಹುದು. ಅಪರೂಪ, ಆದರೂ ಆಗಿಬಿಟ್ಟರೆ ಕಷ್ಟ. ನಿಮ್ಮ ಅಮ್ಮ ತಿಂಗಳು ತಿಂಗಳು ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಪಿ.ಟಿ.-ಐ.ಎನ್.ಆರ್. ಪರೀಕ್ಷೆ ಮಾಡಿಸುತ್ತಾರಲ್ಲ, ಅದು ದಿನನಿತ್ಯ 2ರಿಂದ 3ರೊಳಗೆ ಇರಬೇಕು. ಆಪರೇಷನ್ ದಿನ 1.5ಕ್ಕಿಂತ ಕೆಳಗಿರಬೇಕು. ಅಸಿಟ್ರಾಮ್ ಮೈಯಿಂದ ಬೇಗ ಇಳಿಯುತ್ತದೆ, ಮೂರು ದಿನದ ಹಾಗೆ ಸಾಕಾಗುತ್ತದೆ. ಅದರ ಅಣ್ಣ ವಾರ್ಫರಿನ್ ಆದರೆ ಐದು ದಿನ ಬೇಕು. ಹೊಸ ಮಾತ್ರೆಗಳಾದ ಅಪಿಕ್ಸಾಬಾನ್, ರಿವರಾಕ್ಸಾಬಾನ್‌ಗಳ ಲೆಕ್ಕವೇ ಬೇರೆ, ಕಿಡ್ನಿ ಹೇಗಿದೆ ಅನ್ನುವುದನ್ನೂ ನೋಡುತ್ತಾರೆ. ಪಕ್ಕದ ಮನೆಯವರು ನಿಲ್ಲಿಸಿದ ದಿನದ ಲೆಕ್ಕ ನಿಮಗೆ ಬರುವುದಿಲ್ಲ. ಇನ್ನೊಂದು, ಕಣ್ಣಿನ ಪೊರೆ ತೆಗೆಸೋದು, ಒಂದು ಹಲ್ಲು ಕೀಳಿಸೋದು ಇಂಥದ್ದಕ್ಕೆಲ್ಲ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವ ಅಗತ್ಯವೇ ಇರುವುದಿಲ್ಲ. ನಮ್ಮ ಜನ ಅದಕ್ಕೂ ತಾವೇ ನಿಲ್ಲಿಸಿಬಿಡುತ್ತಾರೆ.

ಮೊದಲು ವಾರ್ಡಿನಲ್ಲಿ ಒಂದು ಪದ್ಧತಿ ಇತ್ತು. ಮಾತ್ರೆ ನಿಲ್ಲಿಸಿದ ದಿನಗಳಲ್ಲಿ ಹೆಪ್ಪು ತಡೆಯುವ ಹೆಪಾರಿನ್ ಜಾತಿಯ ಇಂಜೆಕ್ಷನ್ ಪೂರ್ತಿ ಡೋಸ್ ಕೊಡುತ್ತಿದ್ದೆವು. ನಡುವೆ ಸೇತುವೆ ಹಾಕಿದ ಹಾಗೆ. 2015ರಲ್ಲಿ ಬ್ರಿಡ್ಜ್ ಅನ್ನುವ ಹೆಸರಿನ ದೊಡ್ಡ ಅಧ್ಯಯನ ಹೊರಬಂತು. ಏಟ್ರಿಯಲ್ ಫಿಬ್ರಿಲೇಷನ್ ಇರುವ 1884 ಜನ, ವಾರ್ಫರಿನ್ ನಿಲ್ಲಿಸಿದ ಮೇಲೆ ಅರ್ಧ ಜನಕ್ಕೆ ನಿಜವಾದ ಇಂಜೆಕ್ಷನ್, ಇನ್ನರ್ಧಕ್ಕೆ ಬರೀ ನೀರಿನಂಥದ್ದು. ಹೆಪ್ಪು ಹೋಗಿ ಸ್ಟ್ರೋಕ್‌ನಂಥ ತೊಂದರೆ ಆದದ್ದು ಇಂಜೆಕ್ಷನ್ ತಗೊಂಡವರಲ್ಲಿ ನೂರಕ್ಕೆ 0.3, ತಗೊಳ್ಳದವರಲ್ಲಿ 0.4. ಹೆಚ್ಚುಕಡಿಮೆ ಒಂದೇ. ದೊಡ್ಡ ರಕ್ತಸ್ರಾವ ಮಾತ್ರ ಇಂಜೆಕ್ಷನ್ ತಗೊಂಡವರಲ್ಲಿ 3.2, ಇಲ್ಲದವರಲ್ಲಿ 1.3. ಅಂದರೆ ಸೇತುವೆಯಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ. ಹಾಗಾಗಿ "ಮೂರು ದಿನ ಸುಮ್ನೆ ಬಿಟ್ಟಿರಿ" ಅಂತ ಡಾಕ್ಟರು ಹೇಳಿದರೆ ಅದು ಉದಾಸೀನ ಅಲ್ಲ. ಆದರೆ ಹೃದಯದಲ್ಲಿ ಲೋಹದ ವಾಲ್ವ್ ಇದ್ದವರಿಗೆ, ಇತ್ತೀಚೆಗೆ ಸ್ಟ್ರೋಕ್ ಆದವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಮ್ಮನಿಗೆ ವಾಲ್ವ್ ತೊಂದರೆ ಇದ್ದರೆ ಮೊದಲೇ ಹೇಳಿ. ಹಿಂದೆ ಸ್ಟ್ರೋಕ್ ಆಗಿದ್ದರೂ ಹೇಳಿ. ಸ್ಟ್ರೋಕ್ ಆದ ಹೊಸದರಲ್ಲಿ ಆಪರೇಷನ್ ಮಾಡಿದರೆ ಮತ್ತೊಂದು ಆಗುವ ಭಯ ತುಂಬ ಜಾಸ್ತಿ. ಡೆನ್ಮಾರ್ಕಿನ ದೊಡ್ಡ ಲೆಕ್ಕವೊಂದರಲ್ಲಿ ಅದು ಒಂದು ಹದಕ್ಕೆ ಇಳಿಯಲು ಒಂಬತ್ತು ತಿಂಗಳು ಬೇಕಾಯ್ತು. ಮಂಡಿ ಕಾಯುತ್ತದೆ.

ಇಲ್ಲಿ ಎರಡು ಥರದ ಹೆಪ್ಪು ಇದೆ, ಎಲ್ಲರೂ ಕಲಸಿಕೊಳ್ಳುತ್ತಾರೆ. ತಾಳ ತಪ್ಪಿದ ಹೃದಯದ ಮೂಲೆಯಲ್ಲಿ ಕಟ್ಟುವ ಹೆಪ್ಪು ಮಿದುಳಿಗೆ ಹೋಗುತ್ತದೆ, ಅದು ಸ್ಟ್ರೋಕ್. ಕಾಲಿನ ಒಳಗಿನ ರಕ್ತನಾಳದಲ್ಲಿ ಕಟ್ಟುವ ಹೆಪ್ಪು ಶ್ವಾಸಕೋಶಕ್ಕೆ ಹೋಗುತ್ತದೆ, ಅದರಿಂದ ಉಸಿರೇ ನಿಲ್ಲಬಹುದು. ಮಂಡಿ ಆಪರೇಷನ್ ಆದವರಿಗೆ ಎರಡನೆಯದರ ಭಯ ಜಾಸ್ತಿ. ಜರ್ಮನಿಯ ವಿರ್ಶೋ ಅನ್ನುವ ಡಾಕ್ಟರು 1850ರ ದಶಕದಲ್ಲೇ ಇದನ್ನು ಬಿಡಿಸಿ ನೋಡಿದ್ದರು. ಅವರ ಹೆಸರಿನಲ್ಲಿ ಈಗಲೂ ಮೂರು ಕಾರಣ ಹೇಳುತ್ತಾರೆ: ರಕ್ತ ನಿಂತಲ್ಲೇ ನಿಲ್ಲುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತವೇ ಬೇಗ ಗಟ್ಟಿಯಾಗುವ ಸ್ಥಿತಿ. ಮಂಡಿ ಆಪರೇಷನ್‌ನಲ್ಲಿ ಮೂರೂ ಒಟ್ಟಿಗೆ ಸೇರುತ್ತವೆ. ಎಷ್ಟೋ ಕಡೆ ತೊಡೆಗೆ ಪಟ್ಟಿ ಬಿಗಿದು ರಕ್ತ ನಿಲ್ಲಿಸಿರುತ್ತಾರೆ, ಕೊಯ್ತ ಆಗಿರುತ್ತದೆ, ಗಾಯ ಆದಾಗ ರಕ್ತ ಗಟ್ಟಿಯಾಗೋದು ದೇಹದ ಗುಣ.

ಅದಕ್ಕೇ ಆಪರೇಷನ್ ಆದ ಮೇಲೆ ಹೊಟ್ಟೆಗೆ ದಿನಕ್ಕೊಂದು ಎನಾಕ್ಸಾಪರಿನ್ ಇಂಜೆಕ್ಷನ್ ಕೊಡಬಹುದು, ಸಾಮಾನ್ಯವಾಗಿ 40 ಮಿಲಿಗ್ರಾಂ. ಇದು ಸೇತುವೆಯ ಪೂರ್ತಿ ಡೋಸ್ ಅಲ್ಲ, ಕಾಲಿನ ಹೆಪ್ಪು ತಡೆಯುವ ಸಣ್ಣ ಡೋಸ್. ಅಸಿಟ್ರಾಮ್ ಮತ್ತೆ ಶುರು ಮಾಡಿದರೂ ಐ.ಎನ್.ಆರ್. ಏರಲು ಕೆಲವು ದಿನ ಬೇಕು. ಅಲ್ಲಿವರೆಗೆ ಇದೇ ಕಾವಲು. ಮನೆಯಲ್ಲಿ ನೀವೇ ಹಾಕಬೇಕಾಗಿ ಬಂದರೆ ಹೀಗೆ ಮಾಡಿ. ಹೊಕ್ಕುಳಿಂದ ಮೂರು ನಾಲ್ಕು ಬೆರಳು ಪಕ್ಕಕ್ಕೆ, ಇವತ್ತು ಎಡ, ನಾಳೆ ಬಲ. ಚರ್ಮವನ್ನು ಹೆಬ್ಬೆರಳು ತೋರುಬೆರಳಲ್ಲಿ ಮಡಿಸಿ ಹಿಡಿಯಿರಿ, ಸೂಜಿ ಹೊರಬರುವ ತನಕ ಬಿಡಬೇಡಿ. ತುಂಬಿಸಿಯೇ ಬರುವ ಸಿರಿಂಜಿನಲ್ಲಿ ಒಂದು ಗಾಳಿಗುಳ್ಳೆ ಕಾಣುತ್ತದೆ. ಅದನ್ನು ಹೊರಗೆ ತಳ್ಳೋಕೆ ಹೋಗಬೇಡಿ, ಔಷಧಿ ಚೆಲ್ಲುತ್ತದೆ. ಆ ಗುಳ್ಳೆಯಿಂದ ಏನೂ ಆಗಲ್ಲ. ಹಾಕಿದ ಮೇಲೆ ಉಜ್ಜಬೇಡಿ. ಉಜ್ಜಿದರೆ ರಾಗಿ ಮುದ್ದೆ ಗಾತ್ರದ ನೀಲಿ ಕಲೆ ಬೀಳುತ್ತದೆ, ನೋಡಿದವರೆಲ್ಲ ಗಾಬರಿ ಆಗುತ್ತಾರೆ. (ಒಬ್ಬ ಅಜ್ಜಿ ನನ್ನ ಕೈ ಹಿಡಿದು, "ಇದು ಯಾವುದರಿಂದ ಮಾಡ್ತಾರಮ್ಮ?" ಅಂತ ಕೇಳಿದ್ದರು. ಹಂದಿಯ ಕರುಳಿಂದ. ನಾನು ಸುಳ್ಳು ಹೇಳಲಿಲ್ಲ. ಮಾಂಸ ಮುಟ್ಟದವರು ಡಾಕ್ಟರಿಗೆ ಮೊದಲೇ ತಿಳಿಸಿ, ಬೇರೆ ಔಷಧಿಗಳೂ ಇವೆ.)

ಮನೆಗೆ ಬಂದ ಮೇಲಿನ ನಾಲ್ಕೈದು ವಾರವೇ ಹುಷಾರಾಗಿರಬೇಕಾದ ಕಾಲ. ಆಪರೇಷನ್ ಆದ ಕಾಲು ಹೇಗೂ ಊದಿರುತ್ತದೆ, ಅದಕ್ಕೇ ಗುರುತಿಸೋದು ಕಷ್ಟ. ನಾನು ರೋಗಿಯ ಮನೆಯವರಿಗೆ ಟೈಲರ್ ಟೇಪ್ ತರಿಸುತ್ತಿದ್ದೆ. ಮಂಡಿಯ ಕೆಳಗಿನ ಮೂಳೆ ಉಬ್ಬಿನಿಂದ ಹತ್ತು ಸೆಂಟಿಮೀಟರ್ ಕೆಳಗೆ ಪೆನ್ನಿನಲ್ಲಿ ಗುರುತು ಹಾಕಿ, ದಿನಾ ಅಲ್ಲೇ ಎರಡೂ ಮೀನಖಂಡ ಅಳೆಯಿರಿ. ಒಂದು ಇನ್ನೊಂದಕ್ಕಿಂತ 3 ಸೆಂಟಿಮೀಟರ್‌ಗಿಂತ ಜಾಸ್ತಿ ದಪ್ಪವಾದರೆ, ಇಲ್ಲವೇ ಇಳಿಯುತ್ತಿದ್ದ ಊತ ಇದ್ದಕ್ಕಿದ್ದಂತೆ ಏರಿದರೆ, ಮೀನಖಂಡ ಬಿಸಿಯಾಗಿ ಹಿಡಿದುಕೊಂಡ ಹಾಗೆ ನೋಯುತ್ತಿದ್ದರೆ, ಅದೇ ದಿನ ಕಾಲಿನ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ದಯವಿಟ್ಟು ಹರಳೆಣ್ಣೆ ಬಿಸಿ ಮಾಡಿ ನೀವಬೇಡಿ. ನಮ್ಮ ಕಡೆ ಕಾಲು ಊದಿತು ಅಂದರೆ ಮೊದಲು ಬರುವುದೇ ಎಣ್ಣೆ ಬಟ್ಟಲು. ಒಳಗೆ ಹೆಪ್ಪಿದ್ದರೆ ನೀವಿದಾಗ ಅದು ಕಿತ್ತುಕೊಂಡು ಮೇಲೆ ಹೋಗಬಹುದು. ಉಸಿರು ಕಟ್ಟಿದ ಹಾಗೆ ಆಗುವುದು, ಎದೆ ಚುಚ್ಚುವುದು, ಕೆಮ್ಮಿದಾಗ ರಕ್ತ, ತಲೆ ಸುತ್ತಿ ಬೀಳುವುದು, ಇವುಗಳಲ್ಲಿ ಒಂದಾದರೂ 108.

"ಆಪರೇಷನ್ ಆಗಿದೆ, ಮಿಸುಕಬೇಡ" ಅನ್ನುವ ನೆಂಟರನ್ನು ಕಾಫಿ ಕೊಟ್ಟು ಕಳಿಸಿ. ಫಿಸಿಯೋದವರು ಅದೇ ದಿನವೋ ಮಾರನೇ ದಿನವೋ ಎಬ್ಬಿಸಿ ನಿಲ್ಲಿಸುತ್ತಾರೆ, ನಿಲ್ಲಿಸಲಿ. ಮಲಗಿದ್ದಾಗ ಪಾದವನ್ನು ಹೊಲಿಗೆ ಮಷಿನ್ ತುಳಿದ ಹಾಗೆ ಮೇಲೆ ಕೆಳಗೆ ಆಡಿಸುತ್ತಿರಲಿ. ಮೀನಖಂಡ ಹಿಂಡಿದಾಗಲೇ ಕಾಲಿನ ರಕ್ತ ಮೇಲೆ ಹೋಗೋದು. ನೀರೂ ಕುಡಿಯಲಿ. ಬಾತ್‌ರೂಮಿಗೆ ಹೋಗೋದು ಕಷ್ಟ ಅಂತ ನೀರೇ ಕುಡಿಯದ ಅಮ್ಮಂದಿರನ್ನು ಎಷ್ಟು ಜನ ನೋಡಿದ್ದೇನೋ. ಬಾಣಂತಿಯರಿಗೆ ನೀರು ಕೊಡದೆ ಮಲಗಿಸುತ್ತಿದ್ದ ಕಾಲದಲ್ಲಿ ಮಿದುಳಿನ ನಾಳದಲ್ಲೇ ಹೆಪ್ಪುಗಟ್ಟಿ ಫಿಟ್ಸ್ ಬಂದು ನಿಮ್ಹಾನ್ಸ್‌ಗೆ ಬರುತ್ತಿದ್ದವರ ಕಥೆ ಬೇರೆಯೇ ಇದೆ.

ಸ್ಟ್ರೋಕ್ ವಿಷಯಕ್ಕೆ ಬರುತ್ತೇನೆ. ಆಪರೇಷನ್‌ಗೆ ಸಂಬಂಧಿಸಿದ ಸ್ಟ್ರೋಕ್‌ಗಳಲ್ಲಿ ಹೆಚ್ಚಿನವು ಥಿಯೇಟರಿನ ಒಳಗೆ ಆಗುವುದಿಲ್ಲ, ಆಮೇಲಿನ ದಿನಗಳಲ್ಲಿ ಆಗುತ್ತವೆ. ಹೃದಯ, ಮಿದುಳು ಬಿಟ್ಟು ಬೇರೆ ಆಪರೇಷನ್‌ಗಳಲ್ಲಿ ಸಾವಿರಕ್ಕೆ ಒಬ್ಬರಿಂದ ಹತ್ತು ಜನರಿಗೆ ಅಂತ ಲೆಕ್ಕ. ವಾರ್ಡಿನಲ್ಲಿ ಅದು ತಪ್ಪಿಹೋಗುವುದು ಒಂದೇ ಮಾತಿನಿಂದ: "ಇನ್ನೂ ಅರಿವಳಿಕೆಯ ಮತ್ತು ಇಳಿದಿಲ್ಲ." ಮಾತು ತೊದಲಿದರೂ ಮತ್ತು, ಒಂದು ಕೈ ಎತ್ತದಿದ್ದರೂ ಮತ್ತು. ಮತ್ತಿನಲ್ಲಿ ಇಡೀ ಮೈ ಮಂಪರಾಗಿರುತ್ತದೆ, ಒಂದೇ ಪಕ್ಕ ಅಲ್ಲ. ಬೆನ್ನಿನ ಇಂಜೆಕ್ಷನ್‌ಗೆ ಕಾಲು ಮರಗಟ್ಟುತ್ತದೆ, ಬಾಯಿ ಸೊಟ್ಟಗಾಗಲ್ಲ. ಹಾಗಾಗಿ ಪಕ್ಕದಲ್ಲಿ ಕೂತವರು ಆಗಾಗ ನಗಿಸಿ ನೋಡಿ, ಎರಡೂ ಕೈ ಎತ್ತಿಸಿ ನೋಡಿ, ಮೊಮ್ಮಗನ ಹೆಸರು ಹೇಳಿಸಿ. ಅನುಮಾನ ಬಂದರೆ ಕೊನೆಯ ಬಾರಿ ಸರಿಯಾಗಿದ್ದ ಹೊತ್ತು ಎಷ್ಟು ಅಂತ ಬರೆದಿಟ್ಟುಕೊಂಡು ಸಿಸ್ಟರನ್ನು ಕೂಗಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವು ಇದೆ. ಹೊಸ ಆಪರೇಷನ್ ಆದವರಿಗೆ ಅದನ್ನು ಕೊಡಲು ಹಿಂಜರಿಯುತ್ತಾರೆ, ಗಾಯದಿಂದ ರಕ್ತ ಹರಿದೀತು ಅಂತ. ಆದರೆ ದೊಡ್ಡ ನಾಳ ಕಟ್ಟಿದ್ದರೆ ತೊಡೆಸಂದಿಯಿಂದ ತಂತಿ ಹಾಕಿ ಹೆಪ್ಪನ್ನು ಎಳೆದು ತೆಗೆಯುವ ವಿಧಾನ ಇದೆ. ಅದು ಕೆಲವರಿಗೆ 24 ಗಂಟೆಯವರೆಗೂ ಆಗುತ್ತದೆ. ನೀವು ಹೋಗುವ ಆಸ್ಪತ್ರೆಯಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಹತ್ತಿರದಲ್ಲಿ ಎಲ್ಲಿದೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಆಂಜಿಯೋಗ್ರಾಮ್‌ಗೆ ಅಷ್ಟು ಯೋಚಿಸಬೇಡಿ. ಹೃದಯದ ಬರೀ ಆಂಜಿಯೋಗ್ರಾಮ್‌ನಲ್ಲಿ ಸ್ಟ್ರೋಕ್ ಸಾವಿರಕ್ಕೆ ಒಂದೆರಡರ ಲೆಕ್ಕ. ಯಾಕೆ ಬೇಕು ಅಂತ ಮಾತ್ರ ಕೇಳಿ, ಎಲ್ಲರಿಗೂ ಬೇಕಾಗಿರುವುದಿಲ್ಲ. ಸ್ಟೆಂಟ್ ಹಾಕಿಬಿಟ್ಟರೆ ಮಂಡಿ ಆಪರೇಷನ್ ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ, ಅದರ ಮಾತ್ರೆಗಳನ್ನು ನಡುವೆ ನಿಲ್ಲಿಸುವ ಹಾಗಿಲ್ಲ.

ಕೊನೆಗೆ ಅಡುಗೆಮನೆ. ಅಸಿಟ್ರಾಮ್ ಅಂದರೆ ಸೊಪ್ಪು ತಿನ್ನಲೇಬಾರದು ಅಂತ ಯಾರೋ ಹೇಳುತ್ತಾರೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಯ ಕೆಲಸ ಕಡಿಮೆ ಮಾಡುವುದು ನಿಜ. ಆದರೆ ವಾರಕ್ಕೆ ಎರಡು ದಿನ ಬಸ್ಸಾರು ಉಣ್ಣುತ್ತಿದ್ದವರು ಹಾಗೇ ಉಣ್ಣಲಿ. ಆಪರೇಷನ್ ಆಯ್ತು, ಶಕ್ತಿ ಬರಲಿ ಅಂತ ದಿನಾ ನುಗ್ಗೆಸೊಪ್ಪು ತುರುಕುವುದೂ ಬೇಡ, ಪೂರ್ತಿ ನಿಲ್ಲಿಸುವುದೂ ಬೇಡ. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ಕೊಡಬೇಡಿ. ಅಸಿಟ್ರಾಮ್ ಜೊತೆ ಅದು ಸೇರಿದರೆ ಹೊಟ್ಟೆಯಲ್ಲಿ ರಕ್ತ ಹೋಗಬಹುದು, ಮಲ ಡಾಂಬರಿನಂತೆ ಕಪ್ಪಗಾದರೆ ತಕ್ಷಣ ತೋರಿಸಿ.

ಅಸಿಟ್ರಾಮ್ ಸ್ಟ್ರಿಪ್ಪನ್ನು ಬೀರುವಿನಲ್ಲಿ ಇಡಬೇಡಿ. ಆಸ್ಪತ್ರೆಗೆ ಹೋಗುವ ಬ್ಯಾಗಿನಲ್ಲೇ, ಆ ಹಾಳೆಗೆ ಸುತ್ತಿ ಇಟ್ಟುಕೊಳ್ಳಿ. ಡಿಸ್ಚಾರ್ಜ್ ದಿನ ಚೀಟಿ ಕೈಗೆ ಬಂದಾಗ ಅದನ್ನೂ ಆ ಹಾಳೆಯನ್ನೂ ಪಕ್ಕಪಕ್ಕ ಹಿಡಿದು ನೋಡಿ. ಅಸಿಟ್ರಾಮ್ ಹೆಸರು ಕಾಣದಿದ್ದರೆ ಬಿಲ್ ಕಟ್ಟುವ ಮುಂಚೆ ವಾಪಸ್ ವಾರ್ಡಿಗೆ ಹೋಗಿ ಕೇಳಿ.